ಮರದಿಂದ ಬಿದ್ದವರ ಬೈಕ್ ರ್ಯಾಲಿ

ಪುತ್ತೂರು

ನಮ್ಮ ಗದಗಿನ ಕಡೆ ರಸ್ತೆ ಅಂದರೆ ಈ ಊರು ಬಿಡುವಾಗಲೇ ಮುಂದಿನ ಊರಿನ ನೀರಿನ ಟ್ಯಾಂಕು ಕಣ್ಣಿಗೆ ಬೀಳಬೇಕು. ಪುತ್ತೂರಿಗೆ ಬಂದ ದಿನ ನನ್ನ ಕಣ್ಣಿಗೆ ಬಿದ್ದದ್ದು ಒಂದು ತಿರುವು, ಅದರ ಹಿಂದೆ ಇನ್ನೊಂದು ತಿರುವು, ಎರಡರ ನಡುವೆ ನನ್ನ ಮೈಮೇಲೆಯೇ ಬರುತ್ತಿದ್ದ ಖಾಸಗಿ ಬಸ್ಸು. ಚಾಲಕ ಹಾರ್ನ್ ಒತ್ತಿದ. ನನಗೇ ಬೈದನೆಂದು ತಿಳಿದು ನಾನೂ ಹೆಲ್ಮೆಟ್ಟಿನೊಳಗೆ ಗದಗಿನ ಮಾತಿನಲ್ಲಿ ನಾಲ್ಕು ಅಂದೆ. ಇಲ್ಲಿ ಹಾರ್ನ್ ಅಂದರೆ ನಮಸ್ಕಾರವಿದ್ದ ಹಾಗೆ, ಎಲ್ಲರೂ ಎಲ್ಲರಿಗೂ ಒತ್ತುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ರಜೆ ಬಂದರೆ ಬುಲೆಟ್ ಓಡಿಸುತ್ತೇನೆ. ಗದಗಿನಲ್ಲಿ ನಮ್ಮದೊಂದು ಬೈಕಿನವರ ಗುಂಪು ಇದೆ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಎಲ್ಲಿಗಾದರೂ ಹೋಗಿ, ಹೊಟ್ಟೆ ತುಂಬ ಉಂಡು, ಫೋಟೋ ತೆಗೆಸಿಕೊಂಡು ಬರುವುದು ನಮ್ಮ ಪದ್ಧತಿ. ಈ ಸಲ ಯಾರಿಗಾದರೂ ಉಪಯೋಗಕ್ಕೆ ಬರುವ ಸವಾರಿ ಮಾಡೋಣ ಅಂದವಳು ನಾನೇ. ಬೇರೆ ಯಾರಾದರೂ ಅಂದಿದ್ದರೆ ಅವರನ್ನು ಶಪಿಸಿಯಾದರೂ ಸಮಾಧಾನ ಪಟ್ಟುಕೊಳ್ಳಬಹುದಿತ್ತು.

ಊರು ತೋರಿಸಿದವಳು ವಸಂತಿ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ, ಅಲ್ಲಿ ಓದುತ್ತಿದ್ದ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದಳು. ಈಗ ತವರೂರು ಪುತ್ತೂರಿನಲ್ಲಿ, ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಸಣ್ಣದೊಂದು ತಂಡದಲ್ಲಿ ಇದ್ದಾಳೆ. ಫೋನಿನಲ್ಲಿ ಒಂದೇ ಮಾತು ಹೇಳಿದಳು.

"ನೀವು ಗೋವಕ್ಕೆ ಹೋಗುದು ಬಿಟ್ಟು ಒಂದು ಸಲ ಇಲ್ಲಿಗೆ ಬನ್ನಿ ಮಾರಾಯ್ತಿ. ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲದವರು ಇಲ್ಲಿ ಎಷ್ಟು ಜನ ಇದ್ದಾರೆ ಗೊತ್ತುಂಟಾ ನಿನಗೆ?"

ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಹತ್ತಿ, ಶೇಂಗಾ, ಮೆಣಸಿನಕಾಯಿ ಎಲ್ಲವನ್ನೂ ನೆಲದ ಮೇಲೆ ನಿಂತೋ ಬಗ್ಗಿಯೋ ಕೀಳುತ್ತೇವೆ. ಬೆಳೆ ತೆಗೆಯಲು ಹೋದವನು ಬಿದ್ದು ಬೆನ್ನು ಮುರಿದುಕೊಂಡ ಎಂಬ ಮಾತು ನಾನು ಕೇಳಿಯೇ ಇಲ್ಲ. ಇಲ್ಲಿ ಅಡಿಕೆ, ತೆಂಗು, ಕಾಳುಮೆಣಸು, ಹಲಸು ಎಲ್ಲವೂ ಮೇಲೆಯೇ. ಹೊಟ್ಟೆಪಾಡೂ ಮೇಲೆಯೇ.

ಯೋಜನೆ ನನ್ನ ಮಟ್ಟಿಗೆ ಸರಳವಾಗಿತ್ತು. ಗದಗಿನ ವ್ಯಾಪಾರಿಗಳ ನೆರವಿನಿಂದ ಗಾಲಿಕುರ್ಚಿ, ಗಾಳಿ ಹಾಸಿಗೆಗಳನ್ನು ಕೂಡಿಸಿದ್ದೆವು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಸಾಲಾಗಿ ಬೈಕ್ ಓಡಿಸಿಕೊಂಡು ಮನೆಮನೆಗೆ ಹೋಗಿ ಕೊಡುವುದು, ಸಂಜೆ ಪುತ್ತೂರಿನಲ್ಲಿ ಒಂದು ಸಣ್ಣ ಸಭೆ. ದಾರಿ ನೋಡಿಡಲು ನಾನೂ ಬಸಣ್ಣನೂ ಮೊದಲೇ ಬಂದೆವು. ಉಳಿದವರು ವಾರದ ಕೊನೆಗೆ ಬರುವವರಿದ್ದರು.

ಬಸಣ್ಣನದು ಗದಗಿನಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿ. ಬೈಕಿನ ಹಿಂದೆ ಬ್ಯಾನರುಗಳ ದೊಡ್ಡ ಸುರುಳಿ ಕಟ್ಟಿಕೊಂಡು ಬಂದಿದ್ದ. ವಸಂತಿಯ ಮನೆಯ ಅಂಗಳದಲ್ಲಿ ಒಂದನ್ನು ಬಿಚ್ಚಿ ಹಾಸಿದ. ನನ್ನದೇ ಮುಖ ಗಾಲಿಯಷ್ಟು ದೊಡ್ಡದಾಗಿತ್ತು. ಮೇಲೆ ಕೆಂಪಕ್ಷರದಲ್ಲಿ: "ಮರದಿಂದ ಬಿದ್ದವರ ಬೃಹತ್ ಬೈಕ್ ರ್ಯಾಲಿ."

"ಬಿದ್ದವರಿಗಾಗಿ ಅಂತ ಬರಿ ಅಂದಿದ್ನಲ್ಲ ಬಸಣ್ಣ?"

"ಜಾಗಾ ಸಾಲಲಿಲ್ರಿ ಅಕ್ಕಾ. 'ಗಾಗಿ' ಹಾಕಿದ್ರ ನಿಮ್ಮ ಫೋಟೋ ಸಣ್ಣದಾಗತಿತ್ತು."

ಎಲ್ಲ ಬ್ಯಾನರೂ ಹಾಗೇ ಇದ್ದವು.

ಅಂದು ಸಂಜೆ ಸ್ವಾಗತ ಸಮಿತಿಯ ಸಭೆ. ಅಧ್ಯಕ್ಷರು ಅಡಿಕೆ ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟಿರುವ ಹಿರಿಯರು, ಮನಸ್ಸು ಒಳ್ಳೆಯದು. ಹಸಿದು ಕೂತಿದ್ದ ನನ್ನನ್ನು ನೋಡಿ, "ಟೀಚರಿಗೆ ಒಂದು ಬೊಂಡ ತನ್ನಿ" ಅಂದರು. ಬಿಸಿ ಬೋಂಡಾ, ಪಕ್ಕದಲ್ಲಿ ಚಟ್ನಿ ಎಂದು ನಾನು ಕಾಯುತ್ತ ಕೂತರೆ ಬಂದದ್ದು ಎಳನೀರು. ನಗುನಗುತ್ತ ಕುಡಿದೆ. ಹೊಟ್ಟೆ ನಗಲಿಲ್ಲ.

ಸಭೆಯಲ್ಲಿ ದಾರಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಹಸಿರು ಬಾವುಟ ಬೀಸುವವರು ಯಾರು? ಒಬ್ಬರು ಬೀಸಿದರೆ ಇನ್ನೊಬ್ಬರಿಗೆ ಬೇಸರ, ಹಾಗಾಗಿ ಮೂರು ಬಾವುಟ. ವೇದಿಕೆಯಲ್ಲಿ ಎಷ್ಟು ಕುರ್ಚಿ? ಪಾಯಸ ಹೆಸರುಬೇಳೆಯದೋ ಸಾಬಕ್ಕಿಯದೋ? ಪಾಯಸದ ಮೇಲೆ ನಡೆದ ಚರ್ಚೆ ನಮ್ಮ ಶಾಲೆಯ ಫಲಿತಾಂಶದ ಮೇಲೂ ನಡೆದಿಲ್ಲ. ನಡುನಡುವೆ ತುಳುವಿಗೆ ಜಾರುತ್ತಿದ್ದರು. ಒಬ್ಬರು ಬ್ಯಾರಿ ಭಾಷೆಯಲ್ಲಿ ಫೋನಿಗೆ ಉತ್ತರಿಸುತ್ತಿದ್ದರು. ಮತ್ತೆ ನನ್ನ ಕಡೆ ತಿರುಗಿ ಪುಸ್ತಕದಂಥ ಕನ್ನಡದಲ್ಲಿ, "ನೀವೇನೂ ಚಿಂತೆ ಮಾಡಬೇಡಿ" ಎನ್ನುತ್ತಿದ್ದರು. ಅದೇ ರಾಜ್ಯ, ಅದೇ ಲಿಪಿಯ ಬೋರ್ಡು. ಆದರೂ ಪರದೇಶಕ್ಕೆ ಬಂದವಳ ಹಾಗೆ ನಾನು ಒಬ್ಬೊಬ್ಬರ ಬಾಯನ್ನೇ ನೋಡುತ್ತ ಕೂತಿದ್ದೆ.

"ಸುಳ್ಯದಿಂದ ಕಾಣಿಯೂರಿಗೆ ದೂರ ಎಷ್ಟು?" ಎಂದು ಕೇಳಿದೆ.

"ಇಲ್ಲೇ, ಹತ್ತಿರ."

"ಅಲ್ಲಿಂದ ಕಡಬ?"

"ಅದೂ ಹತ್ತಿರವೇ ಟೀಚರೇ."

ಈ ಸೀಮೆಯಲ್ಲಿ ದೂರದ ಊರು ಎಂಬುದೇ ಇಲ್ಲ.

ಸುಳ್ಯ

ಕುಶಾಲಪ್ಪ ನಮಗೆ ವಸಂತಿ ತೋರಿಸಿದ ಮೊದಲ ಮನೆಯವರು. ಸುಳ್ಯ ಪೇಟೆಯ ಹೊರಗೆ, ರಸ್ತೆಗೆ ಅಂಟಿಕೊಂಡ ಹೆಂಚಿನ ಮನೆ. ವಯಸ್ಸು ನಲವತ್ತರ ಆಸುಪಾಸು, ತೋಳುಗಳು ಕುಸ್ತಿ ಪೈಲ್ವಾನರವು. ಅಡಿಕೆ ಮರದ ತುದಿಯಲ್ಲಿ ಕೂತು ಗೊನೆಗಳಿಗೆ ಕೊಳೆರೋಗದ ಮದ್ದು ಬಿಡುತ್ತಿದ್ದವರು. ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವಾಗ ಬಿದ್ದರಂತೆ. ಅಂಗಳದಲ್ಲಿ ಹಿಂದೆ ಎರಡು ಹೆಚ್ಚುವರಿ ಗಾಲಿ ಜೋಡಿಸಿದ, ಕೈಯಿಂದಲೇ ಎಲ್ಲ ನಡೆಸುವ ಸ್ಕೂಟರ್ ನಿಂತಿತ್ತು. ಅದನ್ನು ರೇಷನ್ ಅಂಗಡಿಯ ಆಚೆಗೆ ಅವರು ಓಡಿಸಿರಲಿಲ್ಲ.

ನಾನು ಶಾಲೆಯಲ್ಲಿ ಪಾಠ ಮಾಡುವ ದನಿಯಲ್ಲಿ ನಮ್ಮ ಯೋಜನೆಯನ್ನು ವಿವರಿಸಿದೆ. ಬಸಣ್ಣ ಬ್ಯಾನರ್ ಬಿಚ್ಚಿದ.

ಕುಶಾಲಪ್ಪ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನಗಲು ಶುರು ಮಾಡಿದರು. ಅವರ ಹೆಂಡತಿ ಏನಾಯಿತೆಂದು ಒಳಗಿನಿಂದ ಓಡಿಬಂದರು.

"ಮರದಿಂದ ಬಿದ್ದವರ ರ್ಯಾಲಿ!" ಅಂದರು. "ಒಳ್ಳೆದುಂಟು. ಬಿದ್ದವರು ಎಲ್ಲಿ ಹಾಗಾದ್ರೆ? ಈ ಟೀಚರ್ ಬಿದ್ದದ್ದಾ?"

"ಅದು ಅಚ್ಚಿನ ತಪ್ಪು" ಎಂದೆ.

"ತಪ್ಪು ಎಂತದ್ದು? ಇದೇ ಸರಿ." ನಗು ನಿಂತಿತು. "ನೀವು ಬರುದು, ಹಾಸಿಗೆ ಕೊಡುದು, ನನ್ನ ಒಟ್ಟಿಗೆ ಫೋಟೋ ತೆಗೆಯುದು, ಹೋಗುದು. ಅಲ್ವಾ? ಹಾಸಿಗೆ ಎಂತಕ್ಕೆ? ನಾನು ಇನ್ನೂ ಸರಿಯಾಗಿ ಮಲಗ್ಲಿಕ್ಕಾ? ಮಲಗಿ ಮಲಗಿ ಸಾಕಾಗಿದೆ ಮಾರಾಯ್ರೆ. ಕರ್ಕೊಂಡು ಹೋಗುದಾದ್ರೆ ನಮ್ಮನ್ನು ಕರ್ಕೊಂಡು ಹೋಗಿ."

"ಎಲ್ಲಿಗೆ?"

"ಎಲ್ಲಿಗಾದ್ರೂ. ನೀವು ಹೋಗುವಲ್ಲಿಗೆ."

ನನಗೆ ಸಿಟ್ಟು ಬಂತು. ತಿಂಗಳುಗಟ್ಟಲೆ ಕೂತು ಮಾಡಿದ ಯೋಜನೆ. ಕೊಡಲು ಬಂದವರಿಗೆ ಹೀಗೂ ಅನ್ನುತ್ತಾರೆಯೇ ಎಂದು ಹೊರಗೆ ಬಂದು ವಸಂತಿಯ ಹತ್ತಿರ ಗೊಣಗಿದೆ. ಅವಳು ಗೇಟಿಗೆ ಒರಗಿ ನಿಂತು ಯೋಚಿಸುತ್ತಿದ್ದಳು.

"ಆಗ್ತದೆ ಗಿರಿಜಾ. ಆದ್ರೆ ನಾನು ಹೇಳಿದ ಹಾಗೆ ಮಾಡ್ಬೇಕು."

ಹೇಳಿದ್ದು ಒಂದೆರಡಲ್ಲ. ಕೂತಲ್ಲೇ ಕೂತರೆ ಇವರಿಗೆ ಹುಣ್ಣಾಗುತ್ತದೆ, ನೋವು ಗೊತ್ತಾಗದ ಕಾರಣ ಹುಣ್ಣಾದದ್ದೂ ಗೊತ್ತಾಗುವುದಿಲ್ಲ. ಆಗಾಗ ಎತ್ತಿ ಮಗ್ಗುಲು ಬದಲಿಸಬೇಕು. ಬಿಸಿಲು ತಾಗಬಾರದು, ವಾಹನ ಎತ್ತಿಹಾಕಬಾರದು, ಮೂತ್ರದ ಚೀಲ ನೋಡಿಕೊಳ್ಳಬೇಕು. ಕುಶಾಲಪ್ಪ ತಮ್ಮ ಸ್ಕೂಟರಿನಲ್ಲೇ ಮುಂದೆ ಹೋಗುತ್ತಾರೆ, ಅವರ ವೇಗವೇ ಎಲ್ಲರ ವೇಗ. ಉಳಿದವರು ಜೀಪುಗಳಲ್ಲಿ ಹಾಸಿಗೆಯ ಮೇಲೆ. ನಮ್ಮ ಗದಗಿನವರು ಮನೆಮನೆಯಿಂದ ಅವರನ್ನು ರಸ್ತೆಗೆ ಹೊತ್ತು ತರಬೇಕು.

ರಸ್ತೆಯ ಬದಿಯಲ್ಲಿ ನಿಂತು ಬಸಣ್ಣ ಗದಗಿಗೆ ಫೋನು ಮಾಡಿದ. "ಹೌದಪಾ, ಹೊರೂದು. ಮನಷ್ಯಾರ್ನ. ಇಲ್ಲ, ಗೋವಾ ಇಲ್ಲ... ಸ್ಪೀಡಾ? ಎತ್ತಿನ ಬಂಡಿ ಸ್ಪೀಡು." ಆ ಕಡೆಯಿಂದ ಬಂದ ಮಾತುಗಳು ನನಗೂ ಕೇಳಿಸಿದವು. ಇಲ್ಲಿ ಬರೆಯುವಂಥವಲ್ಲ.

ಬೆಳ್ಳಾರೆ, ನಿಂತಿಕಲ್ಲು

ಸವಾರಿಯ ಬೆಳಿಗ್ಗೆ ಸುಳ್ಯದಲ್ಲಿ ಮೂರು ಬಾವುಟವೂ ಬೀಸಿದವು. ಒಂದೇ ಸಲ ಅಲ್ಲ, ಒಂದಾದ ಮೇಲೊಂದು. ಪ್ರತಿಸಲವೂ ನಾವು ಹೊರಟು, ನಿಂತು, ಹಿಂದೆ ಬಂದು, ಮತ್ತೆ ಹೊರಡಬೇಕಾಯಿತು.

ಜೀಪುಗಳನ್ನು ಒದಗಿಸಿದ್ದು ಇಚಿಲಂಪಾಡಿಯ ವರ್ಗೀಸ್. ಅವರ ತಂದೆಯ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ. ಅರವತ್ತು ದಾಟಿದ ಗಟ್ಟಿ ಮನುಷ್ಯ. ಅವರ ಅಣ್ಣ ತೆಂಗಿನ ಮರದಿಂದ ಬಿದ್ದು ಬಹಳ ಕಾಲ ಹಾಸಿಗೆಯಲ್ಲೇ ಇದ್ದು ತೀರಿಕೊಂಡವರು. ಅದನ್ನು ಅವರು ಹೇಳಲಿಲ್ಲ, ವಸಂತಿ ಹೇಳಿದಳು. ಅವರು ಹೇಳಿದ್ದು, "ಟೀಚರೇ, ನೀವು ಹೆದರಬೇಡಿ, ಜೀಪು ನನ್ನದು, ಡ್ರೈವರ್ ನಾನು, ಊಟ ನಮ್ಮ ಕಡಬದವರದ್ದು" ಎಂದಷ್ಟೇ.

ಬೆಳ್ಳಾರೆಗೆ ಮೊದಲೇ ಒಬ್ಬರ ಮನೆ ತೋಡಿನ, ಅಂದರೆ ನಮ್ಮ ಕಡೆಯ ಹಳ್ಳದ, ಆಚೆ. ನಡುವೆ ಅಡಿಕೆ ಮರದ ಎರಡು ಕಾಂಡ ಹಾಕಿ ಮಾಡಿದ ಸಂಕ, ಹಿಡಿಯಲು ಒಂದು ಬಳ್ಳಿಯಷ್ಟು ತೆಳ್ಳಗಿನ ಕೈಹಿಡಿ. ಕೆಳಗೆ ನೀರು ಮೊಣಕಾಲಿನಷ್ಟೇ ಇದ್ದರೂ ಬಯಲುಸೀಮೆಯ ನಮಗೆ ಅದೇ ಸಮುದ್ರ. ಗಾಲಿಕುರ್ಚಿ ಅದರ ಮೇಲೆ ಹೋಗುವುದಿಲ್ಲ. ಬಸಣ್ಣ ಬೂಟು ಬಿಚ್ಚಿ, ಆ ಮನುಷ್ಯನನ್ನು ಬೆನ್ನ ಮೇಲೆ ಕಟ್ಟಿಸಿಕೊಂಡು, ಎಲ್ಲ ದೇವರ ಹೆಸರನ್ನೂ ಜೋರಾಗಿ ಕೂಗುತ್ತ ದಾಟಿದ. ಬೆನ್ನ ಮೇಲಿದ್ದವರು ಅವನ ಕಿವಿಯಲ್ಲಿ, "ಕೆಳಗೆ ನೋಡ್ಬೇಡಿ ಅಣ್ಣಾ, ನಾನು ಹೇಳ್ತೇನೆ, ಈಗ ಬಲಗಾಲು" ಎಂದು ಹೇಳಿಕೊಡುತ್ತಿದ್ದರು. ಈಚೆ ಬಂದ ಮೇಲೆ ಬಸಣ್ಣ ಅವರನ್ನು ಜೀಪಿನಲ್ಲಿ ಮಲಗಿಸಿ ಬೂಟು ಹಾಕಿಕೊಂಡ. ನಾನು ಅವನನ್ನು ಮೆಚ್ಚಬೇಕೆಂದುಕೊಂಡೆ. ಮೆಚ್ಚುವಷ್ಟು ಹೊತ್ತು ಅವನು ಕೊಡಲಿಲ್ಲ.

ಮುಂದೆ ಕುಶಾಲಪ್ಪನ ಸ್ಕೂಟರ್. ಅದರ ಹಿಂದೆ ಜೀಪುಗಳು, ಜೀಪುಗಳ ಹಿಂದೆ ನಮ್ಮ ಬೈಕುಗಳು. ಏರಿನಲ್ಲಿ ಸ್ಕೂಟರ್ ಏದುಸಿರು ಬಿಡುತ್ತಿತ್ತು. ಇಳಿತದಲ್ಲಿ ಕುಶಾಲಪ್ಪ ಬೇಕೆಂದೇ ನಿಧಾನ ಮಾಡುತ್ತಿದ್ದರು, ಪ್ರತಿ ಅಂಗಡಿಯ ಮುಂದೆ ಹಾರ್ನ್ ಒತ್ತಿ ಕೈ ಬೀಸುತ್ತಿದ್ದರು. ನಮ್ಮ ಬುಲೆಟ್ಟುಗಳು ಕುದಿಯತೊಡಗಿದವು, ಅವುಗಳ ಮೇಲಿದ್ದವರು ಇನ್ನೂ ಮೊದಲೇ ಕುದಿದಿದ್ದರು. ಬೈಕಿನವರನ್ನು ಸಾಲಿನಲ್ಲಿ ಇಡುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಒಬ್ಬನನ್ನು ಹಿಂದಕ್ಕೆ ಕರೆದರೆ ಇನ್ನೊಬ್ಬ ಮುಂದಕ್ಕೆ ಹಾರುತ್ತಾನೆ.

ನಿಂತಿಕಲ್ಲಿನಲ್ಲಿ ರಸ್ತೆ ಎರಡಾಗುತ್ತದೆ. ನಾವು ಎಡಕ್ಕೆ, ಕಾಣಿಯೂರಿಗೆ ಹೋಗಬೇಕು. ಬಲಕ್ಕೆ ಹೋದರೆ ಸುಬ್ರಹ್ಮಣ್ಯ. ಜೀಪಿನಲ್ಲಿದ್ದವರ ಮಗ್ಗುಲು ಬದಲಿಸಿ, ನೀರು ಕುಡಿಸಿ ನಾನು ತಿರುಗಿ ನೋಡಿದರೆ ಅರ್ಧಕ್ಕರ್ಧ ಬೈಕುಗಳೇ ಇಲ್ಲ. ಬಸಣ್ಣನಿಗೆ ಫೋನು ಮಾಡಿದೆ. ಗಾಳಿಯ ಸದ್ದಿನ ನಡುವೆ ಅವನ ದನಿ ಬಹಳ ಉಲ್ಲಾಸವಾಗಿತ್ತು.

"ಅಕ್ಕಾ, ಇಷ್ಟ್ ದೂರ ಬಂದೀವಿ, ಸುಬ್ಬಪ್ಪನ ದರ್ಶನ ಮಾಡ್ಕೊಂಡ ಬರ್ತೀವ್ರಿ. ಗಾಡೀನೂ ಒಂಚೂರು ಓಡಬೇಕಲ್ರಿ. ಇಲ್ಲೇ ಹತ್ತಿರಂತ!"

ಕಾಣಿಯೂರು

ಇಲ್ಲಿ ಎತ್ತಿ ತರಬೇಕಾಗಿದ್ದವರು ಶ್ರೀಧರ ಭಟ್ಟರು. ಸ್ವಂತ ತೋಟ ಇರುವವರು. ಕೆಲಸದವರು ಬಾರದ ದಿನ, ತಾನೇ ನೋಡುತ್ತೇನೆಂದು ಮರ ಹತ್ತಿ ಬಿದ್ದವರು. ಅಂದಿನಿಂದ ಅವರು ಜಗಲಿಗೂ ಬಂದಿಲ್ಲ. ಬಂಧುಗಳು ಬಂದರೆ ಗೋಡೆಯ ಕಡೆ ಮುಖ ಮಾಡುತ್ತಾರೆ. ಇದನ್ನೆಲ್ಲ ಹೇಳಿದವರು ಅವರ ಹೆಂಡತಿ ಸುಮತಿಯಕ್ಕ. ಮೂರು ದಿನ ಹಿಂದೆ ಬಂದು ಕೇಳಿದಾಗ, "ನೀವು ಬನ್ನಿ, ಆಸರಿಗೆ ಏನಾದ್ರೂ ಕುಡಿದು ಹೋಗಿ. ಅವರು ಬರುದು ಮಾತ್ರ ಇಲ್ಲ" ಅಂದಿದ್ದರು. ಆದರೂ ಬನ್ನಿ ಅಂದರಲ್ಲ ಎಂದು ವಸಂತಿ ಆ ಮನೆಯನ್ನು ಬಿಟ್ಟಿರಲಿಲ್ಲ.

ಮನೆ ರಸ್ತೆಯಿಂದ ಕೆಳಗೆ. ನಾನು, ವಸಂತಿ, ಉಳಿದಿದ್ದ ಮೂವರು ಸವಾರರು ಇಳಿದು ಹೋದೆವು. ಕೋಣೆಯ ಬಾಗಿಲಲ್ಲಿ ನಿಂತು ವಸಂತಿ ಮೆಲ್ಲಗೆ ಮಾತಾಡಿಸಿದಳು. ನಾನು ಮಾತಾಡಿಸಿದೆ. ಬೆನ್ನು ಮಾತ್ರ ಕಾಣುತ್ತಿತ್ತು, ಒಗೆದ ಬಿಳಿ ಹೊದಿಕೆಯ ಕೆಳಗೆ.

"ನಾನು ಹೇಳಿದೆನಲ್ಲ" ಅಂದರು ಸುಮತಿಯಕ್ಕ. ಅವರ ಕೈಯಲ್ಲಿ ಇಸ್ತ್ರಿ ಮಾಡಿದ ಒಂದು ಅಂಗಿ ಇತ್ತು. ಅವರು ಅದನ್ನು ನಮ್ಮಿಂದ ಮರೆಮಾಡಿದರು.

ಹೊತ್ತು ಹೋಗುತ್ತಿತ್ತು. ಕಡಬದಲ್ಲಿ ಊಟ ಆರುತ್ತಿತ್ತು. ಪುತ್ತೂರಿನಿಂದ ಅಧ್ಯಕ್ಷರು ಫೋನಿನ ಮೇಲೆ ಫೋನು. ಹೋಗೋಣ ಎಂದು ನಾನು ವಸಂತಿಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಮೇಲೆ ರಸ್ತೆಯಲ್ಲಿ ಕುಶಾಲಪ್ಪನ ಹಾರ್ನ್ ಶುರುವಾಯಿತು. ಒಂದು ಸಲ ಒತ್ತಿದರೆ ನಮಸ್ಕಾರ ಅನ್ನಬಹುದು. ಇದು ನಿಲ್ಲಲೇ ಇಲ್ಲ. ಕೊನೆಗೆ ಹಾರ್ನ್ ನಿಲ್ಲಿಸಿ ಕೂಗಿದರು.

"ಓ ಭಟ್ರೇ! ಒಳಗೆ ಎಂತ ಮಾಡ್ತೀರಿ? ಬಿಸಿಲಿಗೆ ನಮ್ಮ ತಲೆ ಕಾಯ್ತದೆ!"

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

"ಎಷ್ಟು ಎತ್ತರದಿಂದ ಬಿದ್ದದ್ದು ನೀವು? ನಾನು ಮೂವತ್ತು ಅಡಿ! ಇಲ್ಲಿ ಜೀಪಿನಲ್ಲಿ ಒಬ್ರು ನಲವತ್ತು ಅಂತ ಹೇಳ್ತಾರೆ, ಸುಳ್ಳಾಗಿರ್ಬೇಕು!"

ಜೀಪಿನಿಂದ ಇನ್ನೊಂದು ದನಿ, "ಸುಳ್ಳಲ್ಲ ಮಾರಾಯ!" ಎಂದಿತು.

ಕೋಣೆಯೊಳಗಿಂದ, ಬಹಳ ದಿನ ಬಳಸದ ಗಂಟಲಿನಿಂದ ಒಂದು ಮಾತು.

"ಎಂತ ಮರ ಅಂತ ಕೇಳು."

ಸುಮತಿಯಕ್ಕ ನಿಂತಲ್ಲೇ ನಿಂತರು. ನಾನು ಅಂಗಳಕ್ಕೆ ಓಡಿ ಕೂಗಿದೆ, "ಯಾವ ಮರ ಅಂತ ಕೇಳ್ತಿದಾರ್ರಿ!"

"ಅಡಿಕೆ! ಅವರದ್ದು?"

ನಾನು ಒಳಗೆ ಬಂದೆ. ಭಟ್ಟರು ಗೋಡೆಯ ಕಡೆಯೇ ನೋಡುತ್ತಿದ್ದರು. "ಹಲಸು" ಎಂದರು. "ಅಡಿಕೆ ಮರ ಬಾಗ್ತದೆ, ಮೆಲ್ಲ ಬೀಳ್ಬಹುದು. ಹಲಸಿನಿಂದ ಬಿದ್ರೆ ಕೊಂಬೆಗೆ ತಾಗಿಕೊಂಡೇ ಬೀಳುದು. ಅವನಿಗೆ ಹೇಳಿ."

ಮತ್ತೆ ಅಂಗಳಕ್ಕೆ ಓಡಿದೆ. ಗಣಿತದ ಟೀಚರ್, ಹೆಲ್ಮೆಟ್ ಹಿಡಿದುಕೊಂಡು, ಒಬ್ಬರು ಹೇಗೆ ಬಿದ್ದರೆಂದು ಇನ್ನೊಬ್ಬರಿಗೆ ಕೂಗಿ ಹೇಳುತ್ತ ಒಳಗೂ ಹೊರಗೂ ಓಡಾಡಿದ್ದೇ ಓಡಾಡಿದ್ದು. ಅಡಿಕೆ ಮರದಿಂದ ಮೆಲ್ಲ ಬೀಳಬಹುದು ಎಂಬ ಮಾತಿಗೆ ಮೇಲೆ ಜೀಪಿನಲ್ಲಿದ್ದ ಎಲ್ಲರೂ ಒಟ್ಟಿಗೆ ಬೊಬ್ಬೆ ಹಾಕಿದರು. ಭಟ್ಟರ ಕಿವಿ ಕೆಂಪಾಯಿತು.

"ಇದು ಹೀಗೆ ಕೂಗಿ ಆಗುದಲ್ಲ" ಅಂದರು. "ನನ್ನನ್ನು ಆ ಮನುಷ್ಯನ ಹತ್ತಿರ ಕರ್ಕೊಂಡು ಹೋಗಿ."

ಸುಮತಿಯಕ್ಕ ಅಂಗಿಯನ್ನು ಅವರ ತೋಳಿಗೆ ಹಾಕುವಾಗ ಗುಂಡಿ ತಪ್ಪಿ ತಪ್ಪಿ ಹಾಕಿದರು. ಯಾರೂ ಸರಿಪಡಿಸಲಿಲ್ಲ. ಅವರೂ ಜೊತೆಗೆ ಹೊರಟರು. ಎತ್ತಲು ಕೈ ಸಾಲದೆ ಕೊನೆಗೆ ರಸ್ತೆಯಲ್ಲಿ ಹೋಗುತ್ತಿದ್ದ ಪಿಕಪ್ಪಿನವರನ್ನೂ ನಿಲ್ಲಿಸಿ ಕರೆದೆವು. ಅವರು ಏನು, ಯಾಕೆ ಎಂದು ಒಂದೂ ಕೇಳಲಿಲ್ಲ. ಮೇಲಕ್ಕೆ ತಂದು ಜೀಪಿನಲ್ಲಿ ಮಲಗಿಸಿ, ತಮ್ಮ ದಾರಿ ಹಿಡಿದು ಹೋದರು. ಹೋಗುವಾಗ ಹಾರ್ನ್ ಮಾತ್ರ ಒತ್ತಿದರು.

ಕಡಬ

ಕಡಬದ ಊಟಕ್ಕೆ ನಾವು ಎಷ್ಟು ತಡವಾಗಿ ತಲುಪಿದೆವೆಂದರೆ ಬಡಿಸಲು ನಿಂತಿದ್ದ ಹೆಂಗಸರು ಒಮ್ಮೆ ಪಾತ್ರೆ ತೊಳೆದಿಟ್ಟು ಮತ್ತೆ ಒಲೆ ಹಚ್ಚಿದ್ದರು. ನಮ್ಮವರಿಗೆಂದು ಸಸ್ಯಾಹಾರ ಬೇರೆ, ವರ್ಗೀಸರ ಕಡೆಯವರ ಮರಗೆಣಸು, ಮೀನು ಸಾರು ಬೇರೆ. ಸಸ್ಯಾಹಾರಿಗಳೆಲ್ಲ ಸುಬ್ರಹ್ಮಣ್ಯದಲ್ಲಿದ್ದರು. ಅಷ್ಟೂ ಅನ್ನವನ್ನು ನಾನೂ ಭಟ್ಟರೂ ಸುಮತಿಯಕ್ಕನೂ ಮೂವರೇ ಮುಗಿಸಬೇಕೆಂಬಂತೆ ಬಡಿಸಿದರು. ಕೆಂಪು ಕುಚ್ಚಲಕ್ಕಿಯ ದಪ್ಪ ಅನ್ನ. ಜೋಳದ ರೊಟ್ಟಿಯವಳಾದ ನನಗೆ ಒಂದೊಂದು ಅಗುಳನ್ನೂ ಎಣಿಸಿ ಅಗಿಯುವ ಶಿಕ್ಷೆ. ಬೇಡ ಅಂದರೆ, "ಮತ್ತೆ ಸ್ವಲ್ಪ ಹಾಕ್ತೇನೆ" ಎನ್ನುತ್ತಾರೆ. ಬೇಡ ಎಂಬುದಕ್ಕೆ ಈ ಊರಿನಲ್ಲಿ ಬೇರೆ ಅರ್ಥವಿರಬೇಕು.

ಜೀಪಿನವರ ಜಗಳ ಊಟದ ಹೊತ್ತಿಗೂ ಮುಗಿದಿರಲಿಲ್ಲ. ಈಗ ಯಾರ ಆಸ್ಪತ್ರೆಯ ದಿನಗಳು ಹೆಚ್ಚು ಕೆಟ್ಟವು ಎಂಬುದಕ್ಕೆ ಬಂದಿತ್ತು. ನಾನು ಅವರಿಗೆ ಸಮಾಧಾನ ಹೇಳಲು ಹೋದೆ. ವಸಂತಿ ನನ್ನ ತೋಳು ಹಿಡಿದು ಎಳೆದಳು.

"ಸುಮ್ಮನಿರು. ಇವರಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡಿದ್ದೇ ಇವತ್ತು. ನಾನು ಎಲ್ಲರ ಮನೆಗೂ ಹೋಗ್ತೇನೆ. ಅವರು ಯಾರ ಮನೆಗೆ ಹೋಗುದು?"

ಇಚಿಲಂಪಾಡಿ

ಇಚಿಲಂಪಾಡಿಯಲ್ಲಿ ಹೊಳೆ ಬದಿಗೆ ವರ್ಗೀಸರ ಜಾಗ. ಅಲ್ಲಿ ಸ್ವಲ್ಪ ಹೊತ್ತು ಮಲಗಿಸಿ, ಸುಧಾರಿಸಿಕೊಂಡು, ಪುತ್ತೂರಿನ ಸಭೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ದೊಡ್ಡ ಮರದ ನೆರಳಿನಲ್ಲಿ ಚಾಪೆ ಹಾಸಿ, ನಮ್ಮ ಗದಗಿನ ಗಾಳಿ ಹಾಸಿಗೆಗಳನ್ನು ಹರಡಿದೆವು. ಬಸಣ್ಣನ ದಂಡೂ ಅಷ್ಟರಲ್ಲಿ ಹಣೆಯಲ್ಲಿ ಗಂಧ ಇಟ್ಟುಕೊಂಡು ಬಂದು ಸೇರಿತು. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟಿದ್ದೆ. ಅವನು ಪ್ರಸಾದದ ಪೊಟ್ಟಣ ಮುಂದೆ ಹಿಡಿದ. ಕೈಯಲ್ಲಿ ಪ್ರಸಾದ ಹಿಡಿದುಕೊಂಡು ಹೇಗೆ ಬೈಯುವುದು?

ಫೋನು ಬಂತು. ಅಧ್ಯಕ್ಷರು. ಅತಿಥಿಗಳು ಬಂದು ಕೂತಿದ್ದಾರೆ, ಎಲ್ಲಿದ್ದೀರಿ?

ನಾನು ಎಲ್ಲರನ್ನೂ ಎಬ್ಬಿಸಲು ಹೋದೆ. ಯಾರೂ ಹೊರಡುವ ಲಕ್ಷಣವಿಲ್ಲ. ಒಬ್ಬರು ನಿದ್ದೆ ಹೋಗಿದ್ದರು. ಇನ್ನೊಬ್ಬರು ವರ್ಗೀಸರ ಹತ್ತಿರ ಮಲಯಾಳದಲ್ಲಿ ಅವರ ಅಣ್ಣನ ಬಗ್ಗೆ ಕೇಳುತ್ತಿದ್ದರು, ವರ್ಗೀಸ್ ನೆಲ ನೋಡುತ್ತ ಹೇಳುತ್ತಿದ್ದರು. ಭಟ್ಟರೂ ಕುಶಾಲಪ್ಪನೂ ಅಕ್ಕಪಕ್ಕ ಮಲಗಿ, ಮರ ಹತ್ತುವ ಯಂತ್ರ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ವಾದಿಸುತ್ತಿದ್ದರು.

"ಪುತ್ತೂರಿಗೆ ಹೊರಡಬೇಕಲ್ರಿ" ಎಂದೆ.

"ಎಂತಕ್ಕೆ?" ಅಂದರು ಭಟ್ಟರು.

"ಸಭೆ ಐತಿ. ಶಾಲು ಹೊದಿಸ್ತಾರ."

"ಈ ಸೆಕೆಯಲ್ಲಿ ಶಾಲಾ?"

ವಸಂತಿ ಒಬ್ಬೊಬ್ಬರ ಬೆನ್ನು ನೋಡಿ ಬಂದಳು. "ಇವತ್ತಿಗೆ ಕೂತದ್ದು ಸಾಕು ಗಿರಿಜಾ. ವೇದಿಕೆಯಲ್ಲಿ ಕೂರಿಸಿದ್ರೆ ನಾಳೆ ಹುಣ್ಣಿಗೆ ಮದ್ದು ಹಾಕುದು ನಾನು. ಇನ್ನು ನೀನು ಹೇಳಿದ ಹಾಗೆ."

ಆ ಸಭೆಗಾಗಿ ಆ ಹಿರಿಯರು ಮನೆಮನೆ ತಿರುಗಿ ಜನ ಸೇರಿಸಿದ್ದರು. ಪಾಯಸ ಮಾಡಿಸಿದ್ದರು. ನಾನು ದೂರ ಹೋಗಿ ನಿಂತು ಫೋನು ಮಾಡಿ, ಬಿದ್ದವರು ಯಾರೂ ಬರುವುದಿಲ್ಲ ಎಂದೆ. ಅಧ್ಯಕ್ಷರಿಗೆ ಕೇಳಿಸಲಿಲ್ಲವೆಂದು ಮತ್ತೆ ಹೇಳಿದೆ.

"ಟೀಚರೇ, ಎಂತ ಮಾತಾಡ್ತೀರಿ ನೀವು? ಅತಿಥಿಗಳಿಗೆ ನಾನು ಎಂತ ಹೇಳುದು? ಇಬ್ಬರನ್ನಾದ್ರೂ ಕಳಿಸಿ. ಒಬ್ಬರನ್ನಾದ್ರೂ!"

"ಆಗೂದಿಲ್ರಿ. ಸಿಟ್ಟು ಮಾಡ್ಕೋಬ್ಯಾಡ್ರಿ. ಅವರು ಮಾತಾಡಿಕೋತ ಕೂತಾರ್ರಿ."

ಆ ಕಡೆ ಯಾರೋ ಮೈಕ್ ಪರೀಕ್ಷಿಸುತ್ತಿದ್ದರು. "ಸರಿ" ಅಂದರು. ಸರಿ ಅಂದ ದನಿಯಲ್ಲಿ ಸರಿ ಇರಲಿಲ್ಲ. ಬಸಣ್ಣನನ್ನೂ ಉಳಿದ ಸವಾರರನ್ನೂ ಪುತ್ತೂರಿಗೆ ಕಳಿಸಿದೆ. ಸಂಕ ದಾಟಿದವನಿಗೆ ಒಂದು ಶಾಲು ಸಲ್ಲಲೇಬೇಕು ಎಂದು ನನಗೂ ಅನ್ನಿಸಿತ್ತು. ಅವನು ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೊರಟ. ಬೈಕುಗಳ ಸದ್ದು ತಿರುವು ತಿರುವಿನಲ್ಲಿ ಕಡಿಮೆಯಾಗುತ್ತ ಹೋಯಿತು.

ನಾನು ಒಂದು ಕಲ್ಲಿನ ಮೇಲೆ ಕುಸಿದೆ. ಯೋಜನೆಯಲ್ಲಿ ಬರೆದ ಒಂದೂ ಬರೆದಂತೆ ಆಗಿರಲಿಲ್ಲ. ಬೆನ್ನು ನೋಯುತ್ತಿತ್ತು, ಹೊಟ್ಟೆಯಲ್ಲಿ ಕುಚ್ಚಲಕ್ಕಿ ಕಲ್ಲಾಗಿ ಕೂತಿತ್ತು.

"ನನ್ನನ್ನು ಸ್ವಲ್ಪ ಹೊಳೆಗೆ ಇಳಿಸ್ತೀರಾ?" ಭಟ್ಟರು ಕೇಳುತ್ತಿದ್ದರು. ಸುಮತಿಯಕ್ಕನನ್ನಲ್ಲ, ವರ್ಗೀಸರನ್ನು.

ವಸಂತಿ ಬೇಡ ಎನ್ನುತ್ತಾಳೆಂದುಕೊಂಡೆ. ಅವಳು ಯೋಚಿಸಿ, ಕಲ್ಲು ತಾಗಿದರೂ ತಿಳಿಯುವುದಿಲ್ಲವೆಂದು ನೀರಿನ ಅಂಚಿನಲ್ಲಿ ಮಡಿಸಿದ ದಪ್ಪ ಬಟ್ಟೆ ಹಾಕಿಸಿದಳು. ವರ್ಗೀಸರೂ ಉಳಿದ ಜೀಪುಗಳ ಚಾಲಕರೂ ಭಟ್ಟರನ್ನು ಗಾಲಿಕುರ್ಚಿ ಸಮೇತ ಎತ್ತಿ ಆಳವಿಲ್ಲದ ಕಡೆ ಇಟ್ಟರು. "ಅವರಿಗೆ ಮಾತ್ರವಾ?" ಎಂದು ಕುಶಾಲಪ್ಪ ಗಲಾಟೆ ಮಾಡಿದರು. ಅವರನ್ನೂ ಪಕ್ಕದಲ್ಲಿ ಇಟ್ಟರು. ಸುಮತಿಯಕ್ಕ ಗಂಡನ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಮಡಿಸಿ, ಪಾದಗಳನ್ನು ಒಂದೊಂದಾಗಿ ಎತ್ತಿ ನೀರೊಳಗೆ ಇಟ್ಟರು. ತೆಳ್ಳಗಾದ ಬಿಳಿ ಕಾಲುಗಳು. ಸಣ್ಣ ಮೀನುಗಳು ಬಂದು ಮುತ್ತಿಕೊಂಡವು.

ಭಟ್ಟರು ಬಗ್ಗಿ ಬಹಳ ಹೊತ್ತು ನೋಡಿದರು. "ತಣ್ಣಗೆ ಉಂಟಾ ನೀರು?" ಎಂದು ಕೇಳಿದರು.

"ನನ್ನನ್ನು ಕೇಳಿದ್ರೆ?" ಅಂದರು ಕುಶಾಲಪ್ಪ. "ನನಗೆ ಗೊತ್ತಾಗ್ತದಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಭಟ್ಟರು ನಕ್ಕರು. ಆಮೇಲೆ ಕುಶಾಲಪ್ಪ ನನ್ನ ಕಡೆ ತಿರುಗಿದರು.

"ಟೀಚರೇ, ಸುಮ್ಮನೆ ಕೂತದ್ದು ಸಾಕು. ಇಳಿದು ನೋಡಿ ಹೇಳಿ."

ನಾನು ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ. ಪ್ಯಾಂಟು ಮೇಲಕ್ಕೆ ಮಡಿಸಿ ಅವರಿಬ್ಬರ ನಡುವೆ ನೀರಿಗೆ ಇಳಿದೆ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಥಣ್ಣಗ ಐತ್ರಿ" ಎಂದೆ. "ಭಾಳ ಥಣ್ಣಗ ಐತಿ. ಮೀನು ಕಚ್ಚಾಕ ಹತ್ಯಾವು."

"ಎಲ್ಲಿ ಕಚ್ಚುದು?" ಎಂದು ಭಟ್ಟರು ಕೇಳಿದರು.

"ಹಿಮ್ಮಡಿ ಹತ್ರ. ಈಗ ಬೆರಳಿಗೆ ಬಂದ್ವು."

ಭಟ್ಟರು ತಮ್ಮ ಪಾದಗಳನ್ನೇ ನೋಡುತ್ತ, "ಹೌದು" ಅಂದರು.